ಬಿಟ್ಟುಕೊಟ್ಟೇ ಕಟ್ಟಿಹಾಕುವ ವ್ಯೂಹ: ವಿಕ್ ಫ್ಯಾಂಜಿಯೊ ರಕ್ಷಣಾ ಪದ್ಧತಿ ಬೆಳೆದು ಬಂದ ಬಗೆ

2025ರ ಫೆಬ್ರುವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ, ಅಮೆರಿಕನ್ ಫುಟ್‌ಬಾಲ್‌ನ ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಮೊದಲಾರ್ಧದಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ ಮುಂದೆ ಸಾಗಿದ್ದು ಬರೀ 23 ಗಜ. ಪ್ಯಾಟ್ರಿಕ್ ಮಹೋಮ್ಸ್‌ನಂಥ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಇರುವ ತಂಡವನ್ನು ಹೀಗೆ ಕಟ್ಟಿಹಾಕಿದ ಫಿಲಡೆಲ್ಫಿಯಾ ಈಗಲ್ಸ್, ಇಡೀ ಪಂದ್ಯದಲ್ಲಿ ಒಮ್ಮೆಯೂ ಬ್ಲಿಟ್ಜ್ ಮಾಡಲಿಲ್ಲ. ಅಂದರೆ, ನಾಲ್ವರಿಗಿಂತ ಹೆಚ್ಚು ಮಂದಿಯನ್ನು ಅವನ ಮೇಲೆ ನುಗ್ಗಿಸಲೇ ಇಲ್ಲ. ಇದರ ಹಿಂದಿದ್ದವರು ಆ ತಂಡದ ಡಿಫೆನ್ಸಿವ್ ಕೋಆರ್ಡಿನೇಟರ್, ಅಂದರೆ ರಕ್ಷಣಾ ವಿಭಾಗದ ತರಬೇತುದಾರ, ವಿಕ್ ಫ್ಯಾಂಜಿಯೊ.

1986ರಲ್ಲಿ ಇದೇ ನ್ಯೂ ಆರ್ಲಿಯನ್ಸ್‌ನ ಸೇಂಟ್ಸ್ ತಂಡದಲ್ಲಿ ಲೈನ್‌ಬ್ಯಾಕರ್‌ಗಳ (ರಕ್ಷಣೆಯ ನಡುಸಾಲಿನ ಆಟಗಾರರ) ತರಬೇತುದಾರರಾಗಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ಗೆ ಬಂದ ಅವರ ಪದ್ಧತಿ ಲೀಗಿನ ಗಮನ ಸೆಳೆದದ್ದು ಬಹಳ ತಡವಾಗಿ. 2010ರ ದಶಕದ ಮೊದಲರ್ಧದಲ್ಲಿ ಸಿಯಾಟಲ್ ಸೀಹಾಕ್ಸ್‌ನ ಮಾದರಿ ಜನಪ್ರಿಯವಾಗಿತ್ತು: ಆಳದಲ್ಲಿ ಒಬ್ಬನೇ ಸೇಫ್ಟಿ (ರಕ್ಷಣೆಯ ಕಟ್ಟಕಡೆಯ ಕಾವಲುಗಾರ), ಉಳಿದವರು ಮುಂದೆ. ಓಟದ ಆಟವನ್ನು ತಡೆಯಲು ಅದು ಸೊಗಸಾದ ಏರ್ಪಾಟು. ಆದರೆ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಮುಖ್ಯ ತರಬೇತುದಾರ ಶಾನ್ ಮೆಕ್‌ವೇ, ಚೆಂಡನ್ನು ಓಟಗಾರನ ಕೈಗಿಡುವಂತೆ ನಟಿಸಿ ಆಳಕ್ಕೆ ಎಸೆಯುವ ಪ್ಲೇ ಆ್ಯಕ್ಷನ್ ತಂತ್ರದಿಂದ, ನಟನೆಗೆ ಮರುಳಾಗಿ ಮುಂದೆ ಬಂದವರ ಬೆನ್ನ ಹಿಂದಿನ ಜಾಗವನ್ನೇ ಸೂರೆಗೊಂಡರು.

ಫ್ಯಾಂಜಿಯೊ ಉತ್ತರ ಕ್ರಿಕೆಟ್ ನೋಡುವವರಿಗೆ ಬೇಗ ಹಿಡಿದೀತು: ಬೌಂಡರಿಯಲ್ಲಿ ಫೀಲ್ಡರ್‌ಗಳನ್ನು ನಿಲ್ಲಿಸಿ, ಒಂಟಿ ರನ್ ಬಿಟ್ಟುಕೊಟ್ಟು, ಬ್ಯಾಟರ್ ತಾಳ್ಮೆಗೆಡುವವರೆಗೆ ಕಾಯುವುದು. ಚೆಂಡು ಕ್ವಾರ್ಟರ್‌ಬ್ಯಾಕ್ ಕೈ ಸೇರುವ ಮುನ್ನ ಇಬ್ಬರು ಸೇಫ್ಟಿಗಳು ಆಳದಲ್ಲಿ ಅಕ್ಕಪಕ್ಕ ನಿಂತಿರುತ್ತಾರೆ. ಚೆಂಡು ಕದಲಿದ ಮೇಲೆ ಇಬ್ಬರೂ ಅಲ್ಲೇ ಉಳಿಯಬಹುದು, ಒಬ್ಬ ಮುಂದಕ್ಕೆ ಇಳಿಯಬಹುದು, ಅಥವಾ ಮೈದಾನದ ಒಂದು ಮಗ್ಗುಲಲ್ಲಿ ಒಂದು ಬಗೆಯ ಕಾವಲು, ಇನ್ನೊಂದರಲ್ಲಿ ಬೇರೆಯದೇ ಇರಬಹುದು. ಮೊದಲ ನೋಟ ಪ್ರತಿ ಸಲವೂ ಒಂದೇ ಆದ್ದರಿಂದ, ಯಾವುದು ಬರಲಿದೆ ಎಂಬುದನ್ನು ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದ ಮೇಲೆಯೇ ಓದಬೇಕು. ಆ ಅರೆಗಳಿಗೆಯ ತಡವರಿಕೆಯೇ ಈ ಪದ್ಧತಿಯ ಲಾಭ. ಅದಕ್ಕೆ ತೆರುವ ಬೆಲೆಯೂ ಇದೆ: ಇಬ್ಬರು ಹಿಂದಿದ್ದರೆ ಮುಂದೆ ಆಳು ಕಡಿಮೆ, ಓಟದ ಆಟದಲ್ಲಿ ಒಂದಷ್ಟು ಗಜ ಕೈಬಿಡಲೇಬೇಕು.

2018ರ ಡಿಸೆಂಬರ್ 9ರಂದು ಫ್ಯಾಂಜಿಯೊ ರಕ್ಷಣಾ ವಿಭಾಗ ನೋಡಿಕೊಳ್ಳುತ್ತಿದ್ದ ಷಿಕಾಗೊ ಬೇರ್ಸ್ ಅದೇ ರ‍್ಯಾಮ್ಸ್ ತಂಡವನ್ನು ಆರೇ ಅಂಕಗಳಿಗೆ ಕಟ್ಟಿಹಾಕಿ 15-6ರಿಂದ ಗೆದ್ದಿತು. ಎರಡೇ ತಿಂಗಳಲ್ಲಿ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅವರಿಗೆ ಬರೀ ಮೂರು ಅಂಕ ಬಿಟ್ಟುಕೊಟ್ಟಿತು. ಪೆಟ್ಟು ತಿಂದ ಮೆಕ್‌ವೇ ಮಾಡಿದ್ದು ಜಾಣತನದ ಕೆಲಸ: ಫ್ಯಾಂಜಿಯೊ ಕೈಕೆಳಗೆ ಪಳಗಿದ್ದ ಬ್ರ್ಯಾಂಡನ್ ಸ್ಟೇಲಿಯನ್ನು 2020ರಲ್ಲಿ ತಮ್ಮ ತಂಡಕ್ಕೇ ಕರೆತಂದರು. ಆ ವರ್ಷ ರ‍್ಯಾಮ್ಸ್ ರಕ್ಷಣಾ ವಿಭಾಗ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟಿತು. ನಕಲುಗಳು ಲೀಗಿನುದ್ದಕ್ಕೂ ಹಬ್ಬಿದವು.

ನಕಲು ಎಲ್ಲೆಡೆಯೂ ಫಲಿಸಲಿಲ್ಲ. ಚಾರ್ಜರ್ಸ್ ತಂಡದ ಮುಖ್ಯ ತರಬೇತುದಾರರಾದ ಸ್ಟೇಲಿ, 2023ರ ಡಿಸೆಂಬರ್‌ನಲ್ಲಿ ರೇಡರ್ಸ್ ಎದುರು 63-21ರಿಂದ ಸೋತ ಮರುದಿನವೇ ಕೆಲಸ ಕಳೆದುಕೊಂಡರು. ನನ್ನ ಎಣಿಕೆಯಲ್ಲಿ ಕೊರತೆ ಇದ್ದದ್ದು ನಕ್ಷೆಯಲ್ಲಿ ಅಲ್ಲ. ಮುಂದಿನ ನಾಲ್ವರು ತಾವಾಗಿಯೇ ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟದಿದ್ದರೆ, ಹಿಂದಿನ ಏಳು ಮಂದಿ ಎಷ್ಟು ಚೆಂದ ವೇಷ ಮರೆಸಿದರೂ ಅದನ್ನು ಓದಲು ಅವನಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.

2024ರಲ್ಲಿ ಈಗಲ್ಸ್ ಸೇರಿದ ಫ್ಯಾಂಜಿಯೊಗೆ ಜೇಲನ್ ಕಾರ್ಟರ್, ಜಾಷ್ ಸ್ವೆಟ್, ಮಿಲ್ಟನ್ ವಿಲಿಯಮ್ಸ್‌ರಂಥ ಅಂಥದೇ ಮುಂಪಡೆ ದೊರೆಯಿತು. ಆ ಸೂಪರ್ ಬೌಲ್‌ನಲ್ಲಿ ಮಹೋಮ್ಸ್ ಆರು ಬಾರಿ ನೆಲಕ್ಕುರುಳಿದ. ಎರಡನೇ ಕ್ವಾರ್ಟರ್‌ನಲ್ಲಿ ಬಲಕ್ಕೆ ಓಡುತ್ತಾ ಮೈದಾನದ ನಡುವಿಗೆ ಎಸೆದ ಅವನ ಚೆಂಡಿಗೆ ಅಡ್ಡ ಬಂದವನು, ಅಂದೇ 22 ತುಂಬಿದ್ದ ಕೂಪರ್ ಡಿಜೀನ್. ಚೆಂಡನ್ನು ಕಸಿದು 38 ಗಜ ಓಡಿದ ಅವನು ಗೆರೆ ದಾಟಿದಾಗ ಅಂತರ 17-0 ಆಗಿತ್ತು.