ಮಾರುತಿ 800 ಇಂಜಿನ್ (ಎಫ್8ಬಿ): ನಂಬರ್ ನೋಡಿ ಕಾಯಿಲೆ ಹಿಡಿಯೋದು ಹೆಂಗೆ

ವೈವಾದಲ್ಲಿ ಬೋರ್ (ಸಿಲಿಂಡರ್‌ನ ಅಗಲ) ಎಷ್ಟು ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಎಷ್ಟು ಅಂತ ಕೇಳಿದ್ರೆ ನಮ್ಮ ಬ್ಯಾಚಲ್ಲಿ ಎಲ್ಲರೂ ಗಿಣಿಪಾಠ ಒಪ್ಪಿಸಿಬಿಡ್ತಾರೆ, ಅದೇ ಸರ್ "ಹಂಗಾದ್ರೆ ಈ ಗಾಡಿ ಐಡ್ಲಿಂಗಲ್ಲಿ ಯಾಕಪ್ಪಾ ಅಲ್ಲಾಡುತ್ತೆ" (ಐಡ್ಲಿಂಗ್ ಅಂದ್ರೆ ಎಕ್ಸಲೇಟರ್ ತುಳಿಯದೇ ಇಂಜಿನ್ ನಿಂತಲ್ಲೇ ಓಡೋದು) ಅಂದ ತಕ್ಷಣ ಎಲ್ಲಾ ಗಪ್‌ಚುಪ್. ನಾನೂ ಹಂಗೇ ನಿಂತಿದ್ದೆ. ಆಮೇಲೆ ಮನೇಲಿ ಕೂತು ಸ್ಪೆಸಿಫಿಕೇಶನ್ ಟೇಬಲ್ ಒಂದ್ಕಡೆ, ರಿಪೇರಿ ಪಾಠ ಒಂದ್ಕಡೆ ಇಟ್ಕೊಂಡು ನೋಡಿದ್ರೆ ಎರಡೂ ಒಂದೇ ವಿಷಯ ಹೇಳ್ತಿವೆ ಅಂತ ಗೊತ್ತಾಯ್ತು, ಅದಕ್ಕೆ ಈ ನೋಟ್ಸ್.

ಯಾಕೆ ಇದೇ ಇಂಜಿನ್ ಅಂದ್ರೆ ವರ್ಕ್‌ಶಾಪಲ್ಲಿ ಬಿಚ್ಚೋಕೆ ಇಟ್ಟಿರೋದು ಇದೇ. 1983 ಡಿಸೆಂಬರ್‌ನಲ್ಲಿ ಗುರ್‌ಗಾಂವಲ್ಲಿ ಶುರುವಾದ ಗಾಡಿ, 2014 ಜನವರಿಗೆ ಉತ್ಪಾದನೆ ನಿಲ್ಲಿಸಿದ್ರು, ಮೂವತ್ತು ವರ್ಷ ಹೆಚ್ಚೂಕಮ್ಮಿ ಅದೇ ಸುಜುಕಿ ಇಂಜಿನ್. ಓಮ್ನಿಗೂ ಇದೇನೇ, ಆದ್ರೆ 800ರಲ್ಲಿ ಇಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರ ಎಳೆಯುತ್ತೆ, ಓಮ್ನಿಯಲ್ಲಿ ಸೀಟ್ ಕೆಳಗೆ ಉದ್ದುದ್ದ ಕೂತು ಹಿಂದಿನ ಚಕ್ರ ತಳ್ಳುತ್ತೆ. ಓಮ್ನಿ ಡ್ರೈವರ್‌ಗೆ ಸೀಟ್ ಯಾಕೆ ಬಿಸಿ ಆಗುತ್ತೆ ಅಂತ ಬೇರೆ ಹೇಳ್ಬೇಕಾಗಿಲ್ಲ.

ಈಗ ನಂಬರ್. 3 ಸಿಲಿಂಡರ್, ಬೋರ್ 68.5 ಮಿಮೀ, ಸ್ಟ್ರೋಕ್ 72 ಮಿಮೀ, ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟ್ ಒಂದೇ, ಅದೂ ಇಂಜಿನ್‌ನ ಮೇಲ್ಭಾಗದಲ್ಲಿ, 6 ವಾಲ್ವ್, ಟೈಮಿಂಗ್ ಬೆಲ್ಟ್, ಕಂಪ್ರೆಶನ್ ರೇಶಿಯೋ 8.7. ಸಿಸಿ ಬಾಯಿಪಾಠ ಮಾಡ್ಬೇಡಿ, ಲೆಕ್ಕ ಹಾಕಿ. ಬೋರ್ 6.85 ಸೆಂಮೀ, ಅದರ ವರ್ಗ 46.92, ಅದನ್ನ 0.7854ರಿಂದ (ಪೈ ಭಾಗಿಸು 4) ಗುಣಿಸಿ, ಆಮೇಲೆ 7.2ರಿಂದ ಗುಣಿಸಿದ್ರೆ ಒಂದು ಸಿಲಿಂಡರ್‌ಗೆ 265.3 ಸಿಸಿ, ಮೂರಕ್ಕೆ 796. ಇಲ್ಲಿಗೇ ನಿಲ್ಲಿಸ್ಬೇಡಿ, ಇನ್ನೊಂದು ಹೆಜ್ಜೆ ಹೋಗಿ. ರೇಶಿಯೋ 8.7 ಅಂದ್ರೆ ಸಿಲಿಂಡರ್‌ನ ಪೂರ್ತಿ ಜಾಗ 8.7 ಪಾಲು, ಪಿಸ್ಟನ್ ಮೇಲೆ ಬಂದಾಗ ಉಳಿಯೋದು 1 ಪಾಲು, ಪಿಸ್ಟನ್ ಓಡಾಡೋದು 7.7 ಪಾಲು; ಹಂಗಾಗಿ ಉಳಿಯೋ ಜಾಗ 265.3 ಭಾಗಿಸು 7.7, ಅಂದ್ರೆ 34.5 ಸಿಸಿ ಅಷ್ಟೇ. ಎರಡು ದೊಡ್ಡ ಚಮಚದಷ್ಟು ಜಾಗ! ಅದರಲ್ಲಿ ಕಾರ್ಬನ್ ಕಟ್ಟಿ ಎರಡು ಸಿಸಿ ತಿಂದ್ರೆ ರೇಶಿಯೋ 9 ದಾಟುತ್ತೆ, ಜೊತೆಗೆ ಆ ಕಾರ್ಬನ್ ಕೆಂಡದ ಥರ ಕಾದಿರುತ್ತೆ. ಹಳೇ ಗಾಡಿ ದಿಣ್ಣೆ ಹತ್ತುವಾಗ ಕಟಕಟ ಅಂತ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಉರಿಯೋ ಸದ್ದು) ಕೊಡೋದಕ್ಕೆ ಇದೂ ಒಂದು ಕಾರಣ. ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಕೊಡೋ ಹೊತ್ತು) ಬೇಗ ಆಗಿದ್ರೂ ಅದೇ ಸೌಂಡ್, ಅದಕ್ಕೆ ಮೊದಲು ಟೈಮಿಂಗ್ ನೋಡಿ, ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚೋದು ಆಮೇಲಿನ ಮಾತು.

ಪವರ್ ವಿಷಯಕ್ಕೆ ಬರೋಣ, ಇಲ್ಲಿ ಎಲ್ಲರೂ ಕನ್‌ಫ್ಯೂಸ್ ಆಗ್ತಾರೆ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸೋ ವ್ಯವಸ್ಥೆ) ಬಂದ ಮೇಲಿನ ಗಾಡಿಗೆ 37 ಬಿಎಚ್‌ಪಿ 5000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು), ಟಾರ್ಕ್ ಅಂದ್ರೆ ತಿರುಗಿಸೋ ಬಲ 59 ನ್ಯೂಟನ್ ಮೀಟರ್ 2500ರಲ್ಲಿ. ಟಾರ್ಕ್ ಜಾಸ್ತಿ ಇರೋ ಕಡೆ ಪವರ್ ಯಾಕೆ ಜಾಸ್ತಿ ಇಲ್ಲ ಅಂತ ನನ್ನ ಫ್ರೆಂಡ್ ಒಂದು ವಾರ ತಲೆ ತಿಂದ. ಫಾರ್ಮುಲಾ ಹಾಕಿ: ಟಾರ್ಕ್ ಗುಣಿಸು ಆರ್‌ಪಿಎಂ ಭಾಗಿಸು 9549, ಕಿಲೋವ್ಯಾಟ್ ಬರುತ್ತೆ. 2500ರಲ್ಲಿ 59 ಅಂದ್ರೆ 15.4 ಕಿಲೋವ್ಯಾಟ್, ಸುಮಾರು 21 ಬಿಎಚ್‌ಪಿ. ಈಗ ಉಲ್ಟಾ ಹೋಗಿ, 37 ಬಿಎಚ್‌ಪಿ ಅಂದ್ರೆ 27.6 ಕಿಲೋವ್ಯಾಟ್, 5000ರಲ್ಲಿ ಅದಕ್ಕೆ ಬೇಕಾಗೋ ಟಾರ್ಕ್ 53ರ ಹತ್ರ. ಅಂದ್ರೆ ಟಾರ್ಕ್ ಇಳಿದಿದೆ, ಆದ್ರೆ ಸುತ್ತು ಡಬಲ್ ಆಗಿದೆ, ಅದಕ್ಕೆ ಪವರ್ ಏರಿದೆ. ಆಲ್ಟೋಗೆ ಬಂದ ಎಫ್8ಡಿ (ಕೆಲವು 800ಕ್ಕೂ ಬಂದಿತ್ತು) ಅದೇ 796 ಸಿಸಿ, ಆದ್ರೆ 12 ವಾಲ್ವ್, ಆಲ್ಟೋದಲ್ಲಿ ಟಾರ್ಕ್ ಬರೀ 62, ಪವರ್ ಮಾತ್ರ 46, ಅದೂ 6200ರಲ್ಲಿ. ಮೂರೇ ಮೂರು ನ್ಯೂಟನ್ ಮೀಟರ್ ಜಾಸ್ತಿ ಇದ್ರೂ ಒಂಬತ್ತು ಬಿಎಚ್‌ಪಿ ಬಂತಲ್ಲ, ಅದು ಮೇಲಿನ ಸ್ಪೀಡಲ್ಲಿ ಉಸಿರಾಟ (ಗಾಳಿ ಒಳಗೆ ಬಂದು ಹೊಗೆ ಹೊರಗೆ ಹೋಗೋದು) ಚೆನ್ನಾಗಿರೋದ್ರಿಂದ. ಇದು ಗೊತ್ತಿದ್ರೆ "ಪಿಕಪ್ ಇಲ್ಲ" ಅನ್ನೋ ಕಂಪ್ಲೇಂಟನ್ನ ಎರಡು ಭಾಗ ಮಾಡಬಹುದು: ಕೆಳಗೆ ಎಳೀತಿದೆ ಮೇಲೆ ಹೋಗ್ತಿಲ್ಲ ಅಂದ್ರೆ ಉಸಿರಾಟ ನೋಡಿ, ಏರ್ ಫಿಲ್ಟರ್ ಧೂಳು, ಸೈಲೆನ್ಸರ್ ಬ್ಲಾಕ್, ಪೆಟ್ರೋಲ್ ಫಿಲ್ಟರ್. ಕೆಳಗಿಂದಾನೇ ಸೊರಗಿದೆ ಅಂದ್ರೆ ಕಂಪ್ರೆಶನ್, ಟೈಮಿಂಗ್. ಇಂಜಿನ್ ಸದ್ದು ಏರ್ತಿದೆ ಗಾಡಿ ಓಡ್ತಿಲ್ಲ ಅಂದ್ರೆ ಅದು ಕ್ಲಚ್ಚು, ಇಂಜಿನ್ ಪಾಪ ಏನೂ ಮಾಡಿಲ್ಲ.

ಸರಿ, ಅಲ್ಲಾಡೋ ಪ್ರಶ್ನೆ. ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್ ದಂಡದಲ್ಲಿ ಮೂರು ಪಿನ್ 120 ಡಿಗ್ರಿ ಅಂತರದಲ್ಲಿ ಇವೆ, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯೋ ಸರದಿ) 1-3-2, ಪ್ರತಿ 240 ಡಿಗ್ರಿಗೆ ಒಂದು ಪವರ್ ಸ್ಟ್ರೋಕ್. ಮೇಲೆ ಕೆಳಗೆ ಹೋಗೋ ಬಲಗಳು ಒಟ್ಟು ಕೂಡಿದ್ರೆ ಸರಿಹೋಗುತ್ತೆ, ಆದ್ರೆ ಮೂರು ಪಿಸ್ಟನ್ ಒಂದೇ ಜಾಗದಲ್ಲಿಲ್ಲ, ಸಾಲಾಗಿ ನಿಂತಿವೆ, ಹಂಗಾಗಿ ಈ ತುದಿ ಏರುವಾಗ ಆ ತುದಿ ಇಳಿಯುತ್ತೆ, ಏತದ ಮರ ಆಡಿದ ಹಾಗೆ. ಜೊತೆಗೆ 850 ಆರ್‌ಪಿಎಂ ಐಡ್ಲಿಂಗಲ್ಲಿ ಸೆಕೆಂಡಿಗೆ ಸುಮಾರು 21 ಫೈರಿಂಗ್ ಅಷ್ಟೇ, ನಾಲ್ಕು ಸಿಲಿಂಡರ್ ಆಗಿದ್ರೆ 28. ಆ ನಡುಕವನ್ನ ನುಂಗೋದು ರಬ್ಬರ್ ಮೌಂಟಿಂಗ್. ಅದು ಹರಿದ್ರೆ ಗೇರ್ ಲಿವರ್, ಸ್ಟೀರಿಂಗ್, ಕನ್ನಡಿ ಎಲ್ಲಾ ಕುಣಿಯುತ್ತೆ, ಆದ್ರೆ ಸ್ವಲ್ಪ ಎಕ್ಸಲೇಟರ್ ಕೊಟ್ರೆ ಸೌಂಡ್ ಒಂದೇ ಸಮ ಬರುತ್ತೆ. ಮಿಸ್ಸಿಂಗ್ (ಯಾವುದೋ ಸಿಲಿಂಡರ್ ಉರಿಯದೇ ಇರೋದು) ಇದ್ರೆ ಹಾಗಲ್ಲ, ಎಕ್ಸಲೇಟರ್ ಕೊಟ್ರೂ ತಾಳ ತಪ್ಪುತ್ತೆ. ಒಂದು ಸಿಲಿಂಡರ್ ಸತ್ರೆ ಮೂರರಲ್ಲಿ ಒಂದು ಭಾಗ ಹೋಯ್ತು ಅಂತ, ಮೂರು ಕಾಲಿನ ಸ್ಟೂಲ್ ಎರಡು ಕಾಲಲ್ಲಿ ನಿಂತಂಗೆ.

ಹೀಟ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಚಿಕ್ಕ ಇಂಜಿನ್‌ನ ಕೊಲ್ಲೋದು ಜಾಸ್ತಿ ಇದೇ. ನಮ್ಮ ಮಾವನ 800 ಚಾರ್ಮಾಡಿ ಘಾಟಿ ಹತ್ತುವಾಗ ಬಿಸಿಯಾಯ್ತು ಅಂತ ಒಂದು ಗ್ಯಾರೇಜಲ್ಲಿ ಥರ್ಮೋಸ್ಟಾಟ್‌ನ ಕಿತ್ತು ಕೈಗೆ ಕೊಟ್ರಂತೆ, "ಇದೇನೂ ಬೇಡ ಬಿಡಿ ಅಣ್ಣ" ಅಂತ. ಬಿಸಿ ಕಮ್ಮಿ ಆಯ್ತು ನಿಜ, ಆದ್ರೆ ಎರಡು ತಿಂಗಳಿಗೆ ಮಾವ ಮೈಲೇಜ್ ಬಿದ್ದೋಯ್ತು ಅಂತ ಗೋಳಾಡೋಕೆ ಶುರು. ನೋಡಿ, ಥರ್ಮೋಸ್ಟಾಟ್ ಮುಚ್ಚಿದ್ದಾಗ ನೀರು ಇಂಜಿನ್ ಒಳಗೇ ಸುತ್ತುತ್ತೆ, 80 ಡಿಗ್ರಿ ದಾಟಿದ ಮೇಲೆ ತೆಗೆದು ರೇಡಿಯೇಟರ್‌ಗೆ ಬಿಡುತ್ತೆ. ಅದಿಲ್ಲ ಅಂದ್ರೆ ಇಂಜಿನ್ ಬಿಸಿಯಾಗೋದೇ ತಡ, ಎಂಪಿಎಫ್‌ಐ ಗಾಡಿಯಲ್ಲಿ ಕಂಪ್ಯೂಟರ್‌ಗೆ ಸೆನ್ಸರ್ "ಇನ್ನೂ ತಣ್ಣಗಿದೆ" ಅಂತಾನೇ ಹೇಳ್ತಿರುತ್ತೆ, ಅದು ಪೆಟ್ರೋಲ್ ಜಾಸ್ತಿ ಸುರೀತಾನೇ ಇರುತ್ತೆ, ಪ್ಲಗ್ ಬಿಚ್ಚಿದ್ರೆ ಕಾಡಿಗೆ. ಅಸಲಿ ಕಾಯಿಲೆ ಬೇರೆ ಇತ್ತು, ರೇಡಿಯೇಟರ್ ಕ್ಯಾಪ್‌ನ ರಬ್ಬರ್ ಸತ್ತಿತ್ತು. ಕ್ಯಾಪ್ ಚದರ ಸೆಂಮೀಗೆ ಸುಮಾರು 0.9 ಕೆಜಿ ಒತ್ತಡ ಹಿಡಿದಿಡುತ್ತೆ, ಆ ಒತ್ತಡದಲ್ಲಿ ನೀರು ಕುದಿಯೋದು 118 ಡಿಗ್ರಿ ಹತ್ರ, ಕ್ಯಾಪ್ ಸೋರಿದ್ರೆ ನೂರಕ್ಕೇ ಕುದಿದು ಹೊರಗೆ ಹೋಗುತ್ತೆ. ಕೂಲಿಂಗ್ ಸಿಸ್ಟಮ್‌ನಲ್ಲಿ ಇದು ಅಗ್ಗದ ಪಾರ್ಟ್, ಆದ್ರೂ ಯಾರೂ ಮೊದಲು ನೋಡಲ್ಲ. ಬಿಸಿ ಇದ್ದಾಗ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಮುಖ ಬೇಯುತ್ತೆ.

ಕ್ಯಾಪ್ ಆದ್ಮೇಲೆ ಫ್ಯಾನ್. 800ರಲ್ಲಿ ಇಂಜಿನ್ ಅಡ್ಡ ಕೂತಿರೋದ್ರಿಂದ ಫ್ಯಾನ್ ಬೆಲ್ಟಿಂದ ತಿರುಗಲ್ಲ, ಕರೆಂಟಿಂದ ತಿರುಗುತ್ತೆ. ಹೈವೇನಲ್ಲಿ ನಾರ್ಮಲ್, ಸಿಗ್ನಲಲ್ಲಿ ಮಾತ್ರ ಟೆಂಪರೇಚರ್ ಮುಳ್ಳು ಮೇಲೆ ಅಂದ್ರೆ ಫ್ಯಾನ್, ಅದರ ಸ್ವಿಚ್ಚು, ಫ್ಯೂಸು. ಉಲ್ಟಾ, ಸಿಗ್ನಲಲ್ಲಿ ಸರಿ ಹೈವೇನಲ್ಲಿ ಬಿಸಿ ಅಂದ್ರೆ ರೇಡಿಯೇಟರ್ ಒಳಗೆ ಕಟ್ಟಿದೆ. ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕಿ ಹಾಕಿ ಒಳಗೆ ಸುಣ್ಣ ಕಟ್ಟಿರೋದನ್ನ ನಾವು ಪ್ರಾಕ್ಟಿಕಲ್‌ನಲ್ಲೇ ನೋಡಿದ್ವಿ, ಮನೆ ಗೀಸರ್ ಕಾಯಿಲ್ ಥರಾನೇ ಇತ್ತು. ಇನ್ನೊಂದು ಮೋಸ ಇದೆ, ನೀರು ಪೂರ್ತಿ ಖಾಲಿಯಾದ್ರೆ ಸೆನ್ಸರ್ ಗಾಳಿಯಲ್ಲಿ ನೇತಾಡೋದ್ರಿಂದ ಮುಳ್ಳು ಕೆಳಗೇ ಇರಬಹುದು, ಒಳಗೆ ಹೆಡ್ ಬೇಯ್ತಿರುತ್ತೆ. ಹೆಡ್ ಅಲ್ಯೂಮಿನಿಯಂ, ಬೇಗ ಸೊಟ್ಟಗಾಗುತ್ತೆ, ಆಮೇಲೆ ಹೆಡ್ ಕೆಳಗಿನ ಗ್ಯಾಸ್ಕೆಟ್ (ಸೋರದ ಹಾಗೆ ತಡೆಯೋ ತೆಳು ಪದರ) ಹೋಗಿ ಆಯಿಲ್ ಕ್ಯಾಪ್ ಕೆಳಗೆ ಕಾಫಿ ನೊರೆ, ಸೈಲೆನ್ಸರಲ್ಲಿ ಬಿಳಿ ಹೊಗೆ.

ಹೊಗೆ ಬಣ್ಣ ಪರೀಕ್ಷೆಗೆ ಬಂದೇ ಬರುತ್ತೆ. ಕಪ್ಪು ಅಂದ್ರೆ ಪೆಟ್ರೋಲ್ ಜಾಸ್ತಿ. ನೀಲಿ ಅಂದ್ರೆ ಆಯಿಲ್ ಉರೀತಿದೆ, ಆದ್ರೆ ಯಾವಾಗ ಅಂತ ಕೇಳಿ: ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ಅಂತ ಬಂದು ನಿಂತ್ರೆ ವಾಲ್ವ್ ಸೀಲ್, ಎಕ್ಸಲೇಟರ್ ತುಳಿದಾಗೆಲ್ಲಾ ಬಂದ್ರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ. ಖಾತ್ರಿ ಮಾಡ್ಕೊಳ್ಳೋಕೆ ಕಂಪ್ರೆಶನ್ ಗೇಜ್ ಹಾಕಿ, ಮೂರು ಸಿಲಿಂಡರ್ ನಡುವೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಮ್ಮಿ ಇರೋ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ರಿಂಗ್, ಏರದಿದ್ರೆ ವಾಲ್ವ್ ಇಲ್ಲಾ ಗ್ಯಾಸ್ಕೆಟ್.

ಕಾರ್ಬ್ಯುರೇಟರ್ ಗಾಡಿಗಳು ಈಗ ಕಮ್ಮಿ, ಆದ್ರೂ ಮಲೆನಾಡ ಕಡೆ ಇನ್ನೂ ಓಡ್ತಿವೆ. ಐಡ್ಲಿಂಗಲ್ಲಿ ಮಾತ್ರ ಆಫ್ ಆದ್ರೆ ಐಡಲ್ ಜೆಟ್‌ನಲ್ಲಿ (ಐಡ್ಲಿಂಗಿಗೆ ಪೆಟ್ರೋಲ್ ಬಿಡೋ ಸಣ್ಣ ತೂತು) ಕಸ. ಮಳೆಗಾಲದ ಬೆಳಗ್ಗೆ ಸ್ಟಾರ್ಟಿಂಗ್ ಟ್ರಬಲ್ ಅಂದ್ರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಪಾರ್ಟ್) ಕ್ಯಾಪ್ ಬಿಚ್ಚಿ ಒಣ ಬಟ್ಟೇಲಿ ಒರೆಸಿ, ಅರ್ಧಕ್ಕರ್ಧ ಸಲ ಅಷ್ಟಕ್ಕೇ ಹತ್ತುತ್ತೆ.

ಕೊನೆಗೆ ಮಿಸ್ಸಿಂಗ್ ಯಾವ ಸಿಲಿಂಡರ್ ಅಂತ ಹುಡುಕೋದು. ಹಳೇ ಮೇಷ್ಟ್ರುಗಳು ಓಡ್ತಿರೋ ಇಂಜಿನ್‌ನ ಪ್ಲಗ್ ವೈರ್ ಒಂದೊಂದೇ ಕಿತ್ತು ನೋಡ್ತಿದ್ರು, ಯಾವುದನ್ನ ಕಿತ್ರೂ ಸೌಂಡ್ ಬದಲಾಗಲ್ವೋ ಅದೇ ಸತ್ತಿರೋದು. ಎಂಪಿಎಫ್‌ಐ ಗಾಡಿಗೆ ಹಾಗೆ ಮಾಡಬೇಡಿ, ಉರಿಯದ ಪೆಟ್ರೋಲ್ ಸೀದಾ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧ ಮಾಡೋ ಪಾರ್ಟ್) ಹೋಗಿ ಅಲ್ಲಿ ಹೊತ್ತಿಕೊಂಡು ಅದನ್ನ ಹಾಳು ಮಾಡುತ್ತೆ, ಜೊತೆಗೆ ಕೈಗೆ ಷಾಕ್ ಬೇರೆ. ಇಂಜೆಕ್ಟರ್ ಕನೆಕ್ಟರ್ ಒಂದೊಂದೇ ಬಿಚ್ಚಿ, ಪೆಟ್ರೋಲೂ ನಿಲ್ಲುತ್ತೆ ಉತ್ತರಾನೂ ಸಿಗುತ್ತೆ. ಟೆಸ್ಟ್ ಮಾಡಿದ್ದಕ್ಕೇ ಚೆಕ್ ಇಂಜಿನ್ ಲೈಟ್ ಹತ್ಕೊಳ್ಳುತ್ತೆ, ಆ ಕೋಡ್ ಅಳಿಸಿ ಗಾಡಿ ಕೊಡಿ, ಇಲ್ಲಾಂದ್ರೆ ಓನರ್ ಸಾಯಂಕಾಲವೇ ವಾಪಸ್ ಬರ್ತಾರೆ.