ಹುಟ್ಟದೇ ಹೋದ ಟ್ಯಾಂಕಿಗೆ ಯಾವ ಬಣ್ಣ ಹಚ್ಚಬೇಕು?

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ಇ-75 ಟ್ಯಾಂಕಿನ 1/35 ಅಳತೆಯ ಪ್ಲಾಸ್ಟಿಕ್ ಮಾದರಿ ಕಟ್ಟುವ ಕಿಟ್ ತಗೊಂಡಿದ್ದೇನೆ. ಡಬ್ಬದ ಮೇಲಿನ ಚಿತ್ರದಲ್ಲಿ ಮೂರು ಬಣ್ಣದ ಪಟ್ಟೆಗಳಿವೆ. ಆದರೆ ಈ ಟ್ಯಾಂಕ್ ತಯಾರೇ ಆಗಲಿಲ್ಲ ಅಂತಾರೆ. ಹಾಗಾದ್ರೆ ಇದಕ್ಕೆ ಸರಿಯಾದ ಬಣ್ಣ ಅಂತ ಒಂದು ಇದೆಯಾ? ಇಲ್ಲ, ಇಷ್ಟ ಬಂದದ್ದು ಹಚ್ಚಬಹುದಾ?

ಉತ್ತರ: ಪ್ರಯೋಗದ ಹಂತದಲ್ಲೇ ನಿಂತುಹೋದ ಟ್ಯಾಂಕುಗಳ ಕಿಟ್ ಕಟ್ಟುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ಇಷ್ಟ ಬಂದದ್ದು ಹಚ್ಚಿದರೆ ಯಾರೂ ತಡೆಯುವುದಿಲ್ಲ. ಆದರೆ ಸರಿಯಾದ ಬಣ್ಣದ ಹತ್ತಿರಕ್ಕೆ ಹೋಗಲು ದಾರಿ ಖಂಡಿತ ಇದೆ. ಬಣ್ಣದ ಬಾಟಲಿ ತೆರೆಯುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಆ ಟ್ಯಾಂಕ್ ಎಲ್ಲಿಯವರೆಗೆ ಬಂದು ನಿಂತಿತು? ಉಕ್ಕಿನಲ್ಲಿ ಪೂರ್ತಿ ತಯಾರಾಯಿತಾ, ಅರ್ಧಕ್ಕೆ ನಿಂತಿತಾ, ಕಾಗದದಲ್ಲೇ ಉಳಿಯಿತಾ? ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮೌಸ್ ಟ್ಯಾಂಕನ್ನೇ ನೋಡಿ. ಜರ್ಮನ್ ಭಾಷೆಯಲ್ಲಿ ಮೌಸ್ ಅಂದರೆ ಇಲಿ. ತೂಕ ಮಾತ್ರ 188 ಟನ್! ಪೋರ್ಷೆ ವಿನ್ಯಾಸ ಮಾಡಿದ ಈ ಟ್ಯಾಂಕಿನ ಎರಡು ಮಾದರಿಗಳು ತಯಾರಾದವು, ವಿ1 ಮತ್ತು ವಿ2. 1943ರ ಡಿಸೆಂಬರ್‌ನಲ್ಲಿ ಬಂದ ವಿ1ಕ್ಕೆ ನಿಜವಾದ ಗೋಪುರ (ಒಡಲಿನ ಮೇಲೆ ತೋಪು ಹೊತ್ತು ತಿರುಗುವ ಭಾಗ) ಇರಲಿಲ್ಲ. ಅಷ್ಟೇ ತೂಕದ ನಕಲಿ ಗೋಪುರ ಕೂರಿಸಿ ಓಡಿಸಿದರು. 128 ಮಿಲಿಮೀಟರ್ ತೋಪಿನ ನಿಜವಾದ ಗೋಪುರ ಬಂದದ್ದು ವಿ2ಕ್ಕೆ. ಯುದ್ಧ ಮುಗಿದ ಮೇಲೆ ಸೋವಿಯತ್ ಸೈನ್ಯದವರು ವಿ1ರ ಒಡಲಿನ ಮೇಲೆ ವಿ2ರ ಗೋಪುರ ಕೂರಿಸಿ ತಮ್ಮ ದೇಶಕ್ಕೆ ಒಯ್ದರು. ಮಾಸ್ಕೋ ಹತ್ತಿರದ ಕುಬಿಂಕಾ ಮ್ಯೂಸಿಯಂನಲ್ಲಿ ಇವತ್ತು ನಿಂತಿರುವುದು ಆ ಜೋಡಣೆ.

ಬಹಳ ಜನ ಎಡವುವುದು ಇಲ್ಲೇ. ಮ್ಯೂಸಿಯಂನ ಮೌಸ್ ಫೋಟೋ ನೋಡಿಕೊಂಡು ಬಣ್ಣ ಹಚ್ಚುತ್ತಾರೆ. ಆ ಒಡಲು, ಆ ಗೋಪುರ ಜರ್ಮನರ ಕೈಯಲ್ಲಿ ಹಾಗೆ ಒಟ್ಟಿಗೆ ಇರಲೇ ಇಲ್ಲ. ಮೇಲಿನ ಬಣ್ಣವೂ ಆಮೇಲೆ ಹಚ್ಚಿದ್ದು. ಟಾಕೊಮ್ ಕಂಪನಿ ವಿ1 ಮತ್ತು ವಿ2 ಎರಡನ್ನೂ ಬೇರೆ ಬೇರೆ ಕಿಟ್ ಆಗಿ ತಂದಿದೆ. ಯಾವುದು ನಿಮ್ಮ ಕೈಯಲ್ಲಿದೆಯೋ ಆ ಗಾಡಿಯ 1944ರ ಫೋಟೋಗಳನ್ನು ಹುಡುಕಿ. ಬೋಬ್ಲಿಂಗೆನ್‌ನಲ್ಲಿ ಪರೀಕ್ಷೆ ಮಾಡುವಾಗ ಅದು ಕೆಸರಲ್ಲಿ ಹೂತುಹೋಗಿದ್ದ ಫೋಟೋ ಕೂಡ ಇದೆ. ನನಗೆ ಅದು ಎಲ್ಲ ಡಬ್ಬಗಳ ಚಿತ್ರಕ್ಕಿಂತ ಜಾಸ್ತಿ ಇಷ್ಟ.

ಇ-100 ಅನ್ನುವ ಇನ್ನೊಂದು ಜರ್ಮನ್ ಭಾರಿ ಟ್ಯಾಂಕಿನದು ಅರ್ಧಕ್ಕೆ ನಿಂತ ಕಥೆ. ಪಾಡರ್‌ಬಾರ್ನ್ ಹತ್ತಿರದ ಹೌಸ್ಟೆನ್‌ಬೆಕ್‌ನಲ್ಲಿ ಅದನ್ನು ಜೋಡಿಸುತ್ತಿದ್ದರು. ಗೋಪುರ ಬರಲೇ ಇಲ್ಲ. 1945ರಲ್ಲಿ ಆ ಒಡಲು ಮಿತ್ರಪಡೆಗಳ ಕೈಗೆ ಸಿಕ್ಕಿತು. ಬ್ರಿಟಿಷರು ಅದನ್ನು ಒಯ್ದು ಪರಿಶೀಲಿಸಿ, ಕೊನೆಗೆ ಗುಜರಿಗೆ ಹಾಕಿದರು. ಕಾರ್ಖಾನೆಯಲ್ಲಿ ಅರ್ಧ ಕಟ್ಟಿದ ಗಾಡಿ ಅಂದ ಮೇಲೆ ನಾನು ಅದಕ್ಕೆ ತುಕ್ಕು ತಡೆಯುವ ಕೆಂಪು ಪ್ರೈಮರ್ ಮಾತ್ರ ಹಚ್ಚುತ್ತೇನೆ. ಆಗಿನ ಫೋಟೋಗಳು ಕಪ್ಪು-ಬಿಳುಪು. ಅದರಲ್ಲಿ ಕೆಂಪು ಪ್ರೈಮರ್ ಕೂಡ, ಕಡು ಹಸಿರು ಕೂಡ ಒಂದೇ ತರ ಬೂದು ಕಾಣುತ್ತವೆ. ಅದಕ್ಕೇ ಫೋಟೋ ಒಂದನ್ನೇ ನಂಬಿದರೆ ಸಾಲದು.

ಈಗ ನಿಮ್ಮ ಇ-75ಕ್ಕೆ ಬರೋಣ. 'ಇ' ಅಂದರೆ ಎಂಟ್‌ವಿಕ್ಲುಂಗ್, ಅಂದರೆ ಅಭಿವೃದ್ಧಿ. ಮುಂದಿನ ಅಂಕಿ ಎಷ್ಟು ಟನ್ನಿನ ವರ್ಗ ಅನ್ನುವುದನ್ನು ಹೇಳುತ್ತದೆ. ಜರ್ಮನರ ಭಾರಿ ಟ್ಯಾಂಕ್ ಟೈಗರ್ 2ರ ಜಾಗಕ್ಕೆ ಇದು ಬರಬೇಕಿತ್ತು, ಕಾಗದದಲ್ಲೇ ಉಳಿಯಿತು. ಕಿಟ್‌ನ ಗೋಪುರ, ಒಡಲು ಟೈಗರ್ 2ನ್ನು ನೆನಪಿಸುವುದು ಅದಕ್ಕೇ. ಇಂಥ ಕಿಟ್‌ಗಳನ್ನು ಹವ್ಯಾಸಿಗಳು 'ಪೇಪರ್ ಪ್ಯಾಂಜರ್', ಅಂದರೆ ಕಾಗದದ ಟ್ಯಾಂಕ್, ಅಂತಾರೆ. ಫೋಟೋ ಇಲ್ಲ, ಗಾಡಿಯೂ ಇಲ್ಲ. ಹಾಗಾಗಿ ನೀವೇ ಒಂದು ತಾರೀಖು ಗೊತ್ತು ಮಾಡಬೇಕು. ಅದು ತಯಾರಾಗಿದ್ದರೆ ಯಾವಾಗ ಕಾರ್ಖಾನೆಯಿಂದ ಹೊರಗೆ ಬರುತ್ತಿತ್ತು? ನಾನು 1945ರ ವಸಂತ ಅಂತ ಇಟ್ಟುಕೊಳ್ಳುತ್ತೇನೆ. ಬಣ್ಣದ ನಿಯಮಗಳು ಆ ಹೊತ್ತಿಗೆ ಏನಾಗಿದ್ದವು ಅನ್ನುವುದು ಗೊತ್ತಿದೆ.

1943ರ ಫೆಬ್ರವರಿಯಿಂದ ಜರ್ಮನ್ ಟ್ಯಾಂಕುಗಳಿಗೆ ಕಡು ಹಳದಿಯೇ ಮೊದಲ ಪದರ. ಅದರ ಮೇಲೆ ಹಸಿರು, ಕೆಂಗಂದು ಪಟ್ಟೆ. ಡಬ್ಬದ ಚಿತ್ರಗಳು ಸಾಮಾನ್ಯವಾಗಿ ಹಿಡಿದುಕೊಂಡಿರುವುದು ಇದನ್ನೇ. ಆದರೆ 1944ರ ಕೊನೆಗೆ ಬಣ್ಣಕ್ಕೂ ಬರ ಬಂತು. ಕಾರ್ಖಾನೆಗಳಲ್ಲೇ ಕೆಂಪು ಪ್ರೈಮರ್ ಮೇಲೆ ನೇರವಾಗಿ ಪಟ್ಟೆ ಎಳೆಯತೊಡಗಿದರು. ನಡುವೆ ಪ್ರೈಮರ್ ಹಾಗೇ ಕಾಣುತ್ತಿತ್ತು. ಟ್ಯಾಂಕಿನ ಒಳಗಡೆಗೂ ಮೊದಲಿನಂತೆ ದಂತದ ಬಣ್ಣ ಹಚ್ಚುವುದನ್ನು ನಿಲ್ಲಿಸಿ ಕೆಂಪು ಪ್ರೈಮರ್‌ಗೇ ಬಿಟ್ಟರು. ಮುಚ್ಚಳ ತೆರೆದಿಟ್ಟು ಕಟ್ಟುವುದಾದರೆ ಇದನ್ನು ಮರೆಯಬೇಡಿ.

ಇನ್ನೊಂದು ತಾರೀಖು ಝಿಮ್ಮರಿಟ್‌ನದು. ಅಯಸ್ಕಾಂತದ ಮೈನ್ ಅಂಟಿಕೊಳ್ಳದಿರಲಿ ಅಂತ ಟ್ಯಾಂಕಿಗೆ ಮೆತ್ತುತ್ತಿದ್ದ ಗೆರೆ ಗೆರೆಯ ಲೇಪ ಅದು. 1944ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಲ್ಲಿಸಿದರು. ನನ್ನ ಮೊದಲ ಇ-75ಕ್ಕೆ ಎಪಾಕ್ಸಿ ಪುಟ್ಟಿ ತೆಳ್ಳಗೆ ಹಚ್ಚಿ, ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಗೆರೆ ಒತ್ತುತ್ತಾ ಎರಡು ಸಂಜೆ ಕೂತಿದ್ದೆ. ತಾರೀಖು ನೋಡಿದ್ದು ಆಮೇಲೆ. ಎಲ್ಲವನ್ನೂ ಕೆರೆದು ತೆಗೆಯಬೇಕಾಯಿತು, ಮೂಲೆಗಳಲ್ಲಿ ಪ್ಲಾಸ್ಟಿಕ್ಕಿಗೂ ಗಾಯವಾಯಿತು. ನೀವು ಆ ಕೆಲಸಕ್ಕೆ ಕೈ ಹಾಕಲೇಬೇಡಿ.

ಹಚ್ಚುವ ಕ್ರಮ ಸುಲಭ. ಇಡೀ ಮಾದರಿಗೆ ಕೆಂಪು ಪ್ರೈಮರ್ ಬಣ್ಣ ಸಿಂಪಡಿಸಿ, ಒಂದು ದಿನ ಒಣಗಲು ಬಿಡಿ. ಮೇಲೆ ಹೇರ್‌ಸ್ಪ್ರೇ ಒಂದು ತೆಳು ಪದರ. ಅದು ಒಣಗಿದ ಮೇಲೆ ಟೇಪ್ ಅಂಟಿಸಿ ಹಳದಿ, ಹಸಿರು ಪಟ್ಟೆ ಹಾಕಿ. ಅಂಚು ಚೂಪಾಗಿರಲಿ. ಅರ್ಧ ಗಂಟೆಯೊಳಗೆ ಒದ್ದೆ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಕೆಳಗಿನ ಹೇರ್‌ಸ್ಪ್ರೇ ಕರಗಿ, ಅಂಚುಗಳಲ್ಲಿ ಮೇಲಿನ ಬಣ್ಣ ಚೂರು ಚೂರೇ ಎದ್ದು ಪ್ರೈಮರ್ ಇಣುಕುತ್ತದೆ. ಹಳೇ ಟೂತ್‌ಬ್ರಷ್ ಈ ಕೆಲಸಕ್ಕೆ ಸಾಕು, ಆದರೆ ಅಕ್ರಿಲಿಕ್ ಬಣ್ಣಕ್ಕೆ ಮಾತ್ರ ಇದು ಒಗ್ಗುತ್ತದೆ. ಎನಾಮಲ್‌ಗೆ ನೀರು ಇಳಿಯುವುದಿಲ್ಲ.

ಕಿಟ್ ಜೊತೆ ಬರುವ ಡೆಕಾಲ್‌ನಲ್ಲಿ (ಮಾದರಿಯ ಮೇಲೆ ಅಂಟಿಸುವ ಗುರುತುಗಳ ಹಾಳೆಯಲ್ಲಿ) ದೊಡ್ಡ ಮೂರಂಕಿ ಸಂಖ್ಯೆಗಳಿದ್ದರೆ ನಾನಂತೂ ಬಿಟ್ಟುಬಿಡುತ್ತೇನೆ. ಆ ಸಂಖ್ಯೆ ಯಾವುದೋ ತುಕಡಿಯದು. ಇ-75 ಯಾವ ತುಕಡಿಗೂ ಸೇರಿರಲಿಲ್ಲ ಅಲ್ವಾ? ಪಕ್ಕದಲ್ಲಿ ಒಂದು ಶಿಲುಬೆ ಗುರುತು ಸಾಕು. ಗುಂಡೇಟಿನ ಗುರುತು, ವರ್ಷಗಟ್ಟಲೆಯ ತುಕ್ಕು ಕೂಡ ಬೇಡ. ಚೈನಿಗೆ ಸ್ವಲ್ಪ ಹಸಿ ಮಣ್ಣು, ಚಕ್ರಗಳಿಗೆ ಧೂಳು, ನಿನ್ನೆಯಷ್ಟೇ ಕಾರ್ಖಾನೆಯ ಅಂಗಳ ದಾಟಿ ಬಂದ ಹಾಗೆ ಇರಲಿ.