ಡ್ರೋನಿನ ಕಾಲಿಗೆ ಬೇರೆ ಕರೆಂಟ್ ಏಕೆ?

ಭಾರ ಹೊರುವ ಹಲವು ಡ್ರೋನುಗಳು ಮೇಲೇರಿದ ಕೂಡಲೇ ಕಾಲು ಮಡಚಿಕೊಳ್ಳುತ್ತವೆ. ಗಾಳಿಯ ತಡೆ ಕಡಿಮೆ ಮಾಡಲು, ಥೇಟ್ ವಿಮಾನದ ಹಾಗೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಒಂದಿಷ್ಟು ನಿಜ. ಆದರೆ ನಿಧಾನಕ್ಕೆ ಹಾರುವ, ನಿಂತಲ್ಲೇ ನಿಲ್ಲುವ ಡ್ರೋನಿಗೆ ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಹೊಟ್ಟೆಯಡಿಯ ಕ್ಯಾಮೆರಾ ಸುತ್ತಲೂ ತಿರುಗುವಾಗ ಕಾಲು ಅಡ್ಡ ಬರಬಾರದು, ಅದೇ ಮುಖ್ಯ.

ವಿಮಾನಗಳಲ್ಲಿ ಇದು ಹಳೇ ವಿದ್ಯೆ. ಎರಡನೇ ಮಹಾಯುದ್ಧದ ಅಮೆರಿಕನ್ ವೈಲ್ಡ್‌ಕ್ಯಾಟ್ ಫೈಟರ್‌ನಲ್ಲಿ ಪೈಲಟ್ಟೇ ಹ್ಯಾಂಡಲನ್ನು ಸುಮಾರು 30 ಸುತ್ತು ತಿರುಗಿಸಿ ಚಕ್ರ ಒಳಗೆಳೆದುಕೊಳ್ಳಬೇಕಿತ್ತು. ವಿಮಾನ ಓಡಿಸುತ್ತಲೇ! ನಮ್ಮ ಬೆಂಗಳೂರಿನ ಎಚ್‌ಎಎಲ್ 1951ರಲ್ಲಿ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನಕ್ಕೆ ಈ ಗೋಜೇ ಇರಲಿಲ್ಲ, ಅದರ ಚಕ್ರಗಳು ಸದಾ ಕೆಳಗೇ. 1961ರಲ್ಲಿ ಹಾರಿದ ಮಾರುತ್ ಜೆಟ್ ಮಾತ್ರ ಚಕ್ರ ಮಡಚಿಕೊಳ್ಳುತ್ತಿತ್ತು.

ಡ್ರೋನಿನಲ್ಲಿ ಈ ಕೆಲಸ ಪುಟ್ಟ ಮೋಟಾರಿನದು. ಪುಟ್ಟದು ತಾನೇ, ಫ್ಲೈಟ್ ಕಂಟ್ರೋಲರಿಗೆ, ಅಂದರೆ ಡ್ರೋನಿನ ಹಾರಾಟ ನಡೆಸುವ ಪುಟ್ಟ ಕಂಪ್ಯೂಟರಿಗೆ, ಹೋಗುವ 5 ವೋಲ್ಟ್‌ನಲ್ಲೇ ಸುಮ್ನೆ ಒಂದು ವೈರ್ ಎಳೆದರಾಯಿತು ಅನ್ನಿಸುತ್ತದೆ, ಅಲ್ವಾ? ಬೇಡ. ತಿರುಗುತ್ತಿರುವ ಮೋಟಾರು ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಒಳಬರುವ ಕರೆಂಟಿಗೆ ಅದೇ ಕಡಿವಾಣ. ಹೊರಡುವ ಕ್ಷಣದಲ್ಲಿ, ಅಥವಾ ಕಾಲು ಎಲ್ಲೋ ಸಿಕ್ಕಿಕೊಂಡಾಗ, ಮೋಟಾರು ತಿರುಗುವುದಿಲ್ಲ. ಕಡಿವಾಣವೂ ಇಲ್ಲ. ಆಗ ಕರೆಂಟ್ ಮಾಮೂಲಿಗಿಂತ ಹಲವು ಪಟ್ಟು ಜಾಸ್ತಿ ನುಗ್ಗುತ್ತದೆ, ಸಪ್ಲೈ ವೋಲ್ಟೇಜ್ ಕುಸಿಯುತ್ತದೆ. ಮನೆಯಲ್ಲಿ ಬೋರ್‌ವೆಲ್ ಮೋಟಾರ್ ಹಾಕಿದ ತಕ್ಷಣ ನಡುಮನೆಯ ಬಲ್ಬು ಒಂದು ಕ್ಷಣ ಮಂಕಾಗುವುದಿಲ್ಲವೇ, ಹಾಗೆ. ಬಲ್ಬು ಮತ್ತೆ ಬೆಳಗುತ್ತದೆ. ಫ್ಲೈಟ್ ಕಂಟ್ರೋಲರು ಅಷ್ಟರಲ್ಲಿ ರೀಸ್ಟಾರ್ಟ್ ಆಗಿರುತ್ತದೆ, ಡ್ರೋನು ನೆಲಕ್ಕೆ ಬಿದ್ದಿರುತ್ತದೆ. ಆಯುಧಪೂಜೆಯಲ್ಲಿ ನಿಂಬೆಹಣ್ಣು ಇಡದ್ದಕ್ಕೇ ಹೀಗಾಯ್ತು ಅನ್ನುವವರಿಗೆ ಮಲ್ಟಿಮೀಟರ್ ಕೊಡಿಸಬೇಕು.

ಪಿಕ್ಸ್‌ಹಾಕ್ ಮಾದರಿಯ ಫ್ಲೈಟ್ ಕಂಟ್ರೋಲರ್ ಬೋರ್ಡುಗಳು ಸರ್ವೋ (ಪುಟ್ಟ ಮೋಟಾರು) ಜೋಡಿಸುವ ಪಿನ್ನುಗಳಿಗೆ ತಾವಾಗಿ ಕರೆಂಟ್ ಕೊಡದಿರುವುದೂ ಇದಕ್ಕೇ. ಕಾಲಿನ ಮೋಟಾರಿಗೆ ಬೇರೆಯೇ ಬಿಇಸಿ ಹಾಕಬೇಕು. ಬಿಇಸಿ ಅಂದರೆ ಬ್ಯಾಟರಿಯ ವೋಲ್ಟೇಜ್ ಇಳಿಸುವ ಪುಟ್ಟ ಸರ್ಕ್ಯೂಟು. ದೊಡ್ಡ ಡ್ರೋನುಗಳಲ್ಲಿ 12 ಸೆಲ್‌ಗಳ ಲಿಪೋ ಬ್ಯಾಟರಿ ಸಾಮಾನ್ಯ. ಹೆಸರಿಗೆ 44.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 50.4. ಈ 44.4 ವೋಲ್ಟನ್ನು, ಹೆಚ್ಚಾದದ್ದನ್ನು ಶಾಖವಾಗಿ ಕಳೆಯುವ ಲೀನಿಯರ್ ರೆಗ್ಯುಲೇಟರಿನಿಂದ 6 ವೋಲ್ಟಿಗೆ ಇಳಿಸಿ 3 ಆಂಪಿಯರ್ ಎಳೆದರೆ 18 ವ್ಯಾಟ್ ಕೆಲಸಕ್ಕೆ ಬರುತ್ತದೆ, 115 ವ್ಯಾಟ್ ಶಾಖವಾಗಿ ಹೋಗುತ್ತದೆ. ವೋಲ್ಟೇಜ್ ಇಳಿಸುವ ಇನ್ನೊಂದು ಬಗೆಯ ಸರ್ಕ್ಯೂಟು, ಬಕ್ ಕನ್ವರ್ಟರ್, ಜಾಣ. ಸೆಕೆಂಡಿಗೆ ಲಕ್ಷಾಂತರ ಸಲ ಸ್ವಿಚ್ ಹಾಕಿ ತೆಗೆದು, ಶಕ್ತಿಯನ್ನು ಕಾಯಿಲ್‌ನಲ್ಲಿ ಕೂಡಿಟ್ಟು, ಬೇಕಾದಷ್ಟೇ ಬಿಡುತ್ತದೆ. ಎಸ್‌.ಪಿ. ರೋಡಿನ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಅಂಗಡಿಗಳಲ್ಲಿ ಕೇಳಿದರೆ ಕೈಗೆ ಬರುವ ಎಲ್‌ಎಂ2596 ಮಾಡ್ಯೂಲ್ ಇದೇ ಜಾತಿಯದು. ಆದರೆ ಅದರ ಮಿತಿ 40 ವೋಲ್ಟ್. 12 ಸೆಲ್‌ಗೆ ಕೊಟ್ಟರೆ ಸುಟ್ಟುಹೋಗುವುದೇ. ಹಾಗಂತ ಅರ್ಧ ಬ್ಯಾಟರಿಯಿಂದ ಮಾತ್ರ ಕರೆಂಟ್ ಎಳೆಯಲೂಬಾರದು, ಆ ಅರ್ಧದ ಸೆಲ್‌ಗಳು ಬೇಗ ಖಾಲಿಯಾಗಿ ಸಮತೋಲ ತಪ್ಪುತ್ತದೆ.

ಸಪ್ಲೈ ಬೇರೆಯಾದರೂ ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನ ಕಪ್ಪು ವೈರ್, ಒಂದೇ ಇರಬೇಕು. ಕಂಟ್ರೋಲರು ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ, 1ರಿಂದ 2 ಮಿಲಿಸೆಕೆಂಡಿನ ಮಿಡಿತ ಕಳಿಸುತ್ತದೆ. ಅದರ ಉದ್ದವೇ 'ಮಡಚು', 'ಬಿಡಿಸು' ಎಂಬ ಆಜ್ಞೆ. ಕಪ್ಪು ವೈರ್ ಎರಡೂ ಕಡೆ ಸೇರದಿದ್ದರೆ ಈ ಮಿಡಿತವನ್ನು ಯಾವುದಕ್ಕೆ ಹೋಲಿಸಿ ಅಳೆಯಬೇಕೆಂದೇ ಮೋಟಾರಿನ ಸರ್ಕ್ಯೂಟಿಗೆ ತಿಳಿಯುವುದಿಲ್ಲ, ಕಾಲು ಮನಬಂದಂತೆ ಅದುರುತ್ತದೆ. ಕೆಂಪು, ಕಪ್ಪು ವೈರ್‌ಗಳನ್ನು ಹೆಣೆದು, ಕರೆಂಟಿನ ಅಯಸ್ಕಾಂತ ಪ್ರಭಾವ ತಟ್ಟದಂತೆ, ಡ್ರೋನಿನ ಕಂಪಾಸಿನಿಂದ ದೂರ ಎಳೆಯಿರಿ.

ಸ್ಕ್ರೂ ತಿರುಗಿ ಮಡಚುವ ಕಾಲುಗಳಲ್ಲಿ ಇನ್ನೊಂದು ಅನುಕೂಲವಿದೆ. ಮೋಟಾರು ಸ್ಕ್ರೂ ತಿರುಗಿಸಬಲ್ಲದು, ಆದರೆ ಡ್ರೋನಿನ ಭಾರ ಅದನ್ನು ಹಿಂದಕ್ಕೆ ತಿರುಗಿಸಲಾರದು. ಹಾಗಾಗಿ ಭಾರ ಹೊತ್ತು ನಿಂತಾಗ ಮೋಟಾರಿಗೆ ಕರೆಂಟೇ ಬೇಡ. ತೊಂದರೆ ಆಗುವುದು ಬ್ಯಾಟರಿ ಜೋಡಿಸುವಾಗ. ರಿಮೋಟಿನ ಸ್ವಿಚ್ 'ಮಡಚು' ಕಡೆ ಇದ್ದರೆ ಕೆಲವು ಸರ್ಕ್ಯೂಟುಗಳು ನೆಲದ ಮೇಲೇ ಕಾಲೆತ್ತಿಬಿಡುತ್ತವೆ, ಕ್ಯಾಮೆರಾದ ಮೇಲೆ ಡ್ರೋನು ಕೂರುತ್ತದೆ. ಬ್ಯಾಟರಿ ಜೋಡಿಸುವ ಮೊದಲು ಸ್ವಿಚ್ ನೋಡಿ.